ಕ್ವಾಬೆನಾ ಎಂಬ ಹೆಸರಿನ ಕೆಲಸ

ಕೊರ್ಕೊರ್ ಮೇಡಂ ಯಾರನ್ನೂ ನಂಬುತ್ತಿರಲಿಲ್ಲ. ಇದನ್ನು ದೂರೆಂದು ತಿಳಿಯಬೇಡಿ. ಅವರಿಗೆ ಸಂಬಳ ಬರುತ್ತಿದ್ದದ್ದೇ ಆ ಕೆಲಸಕ್ಕೆ. ಅಕ್ರಾ ನಗರದ ಅಡಬ್ರಾಕಾ ಬಡಾವಣೆಯಲ್ಲಿ ಕೆಳಗೆ ಬಟ್ಟೆ ಅಂಗಡಿ, ಮೇಲೆ ನಮ್ಮ ಆಫೀಸು. ಯಾವುದಾದರೂ ಕಂಪನಿಯ ಕಂಪ್ಯೂಟರಿಗೆ ಕಳ್ಳರು ನುಗ್ಗಿದರೆ ನಮ್ಮನ್ನು ಕರೆಯುತ್ತಾರೆ. ಅವರು ಬಿಟ್ಟ ಮಾಲ್‌ವೇರ್ ಎಂಬ ಕಳ್ಳ ಪ್ರೋಗ್ರಾಮು ಒಳಗೆ ಏನೇನು ಮಾಡಿತು ಎಂದು ಎಳೆ ಎಳೆಯಾಗಿ ಬಿಡಿಸಿ ನೋಡುವುದು ಮೇಡಂ ಕೆಲಸ. ಅವರು ಕಂಡದ್ದನ್ನು ನಾಲ್ಕು ಜನ ಓದುವ ಹಾಗೆ ವರದಿ ಮಾಡುವುದು ಸೆಲೋರ್ಮ್ ಎಂಬ ಹೆಸರಿನ ನನ್ನ ಕೆಲಸ.

ಹೊರಗಿನವರು ಇದನ್ನು ಪತ್ತೇದಾರಿ ಅಂದುಕೊಳ್ಳುತ್ತಾರೆ. ಅದೇನೂ ಅಲ್ಲ. ಕುಸ್ತಿಯಲ್ಲಿ ಪಟ್ಟುಗಳಿರುವ ಹಾಗೆ ಈ ಕಳ್ಳತನದಲ್ಲೂ ಪಟ್ಟುಗಳಿವೆ. ಸುಳ್ಳು ಇಮೇಲ್ ಕಳಿಸಿ ಬಾಗಿಲು ತೆಗೆಸುವುದು ಒಂದು ಪಟ್ಟು. ಒಳಗಿನವರದೇ ಪಾಸ್‌ವರ್ಡ್ ಹಾಕಿಕೊಂಡು ರಾಜಾರೋಷವಾಗಿ ಓಡಾಡುವುದು ಇನ್ನೊಂದು. ಯಾರೂ ಅನುಮಾನಪಡದ ಹೆಸರು ತೊಟ್ಟು ಮರೆಯಲ್ಲಿ ಕೂರುವುದು ಮತ್ತೊಂದು. ಕಳ್ಳ ಯಾವ ದೇಶದವನಾದರೂ ಇಂಥ ಪಟ್ಟುಗಳಲ್ಲೇ ಯಾವುದನ್ನೋ ಹಾಕಬೇಕು. ಇವಕ್ಕೆಲ್ಲ ಹೆಸರು, ಸಂಖ್ಯೆ ಕೊಟ್ಟ ದೊಡ್ಡ ಕೋಷ್ಟಕವೊಂದಿದೆ, ಜಗತ್ತಿನಲ್ಲಿ ನಮ್ಮಂಥವರು ಹೆಚ್ಚಾಗಿ ಅದನ್ನೇ ಹಿಡಿದು ಮಾತಾಡುತ್ತಾರೆ. ಕಂಡದ್ದನ್ನು ಸರಿಯಾದ ಮನೆಯಲ್ಲಿ ಕೂರಿಸಬೇಕು, ಅಷ್ಟೇ. ಏನು ಮಾಡಿದರು ಎಂಬುದಕ್ಕೆ ಅಲ್ಲಿ ನೂರಾರು ಮನೆಗಳಿವೆ. ಯಾರು ಮಾಡಿದರು ಎಂಬುದಕ್ಕೆ ಒಂದೂ ಇಲ್ಲ.

ಮೇಡಂಗೆ ಆ ಕೋಷ್ಟಕ ಎಷ್ಟು ಮೈಗೂಡಿತ್ತೆಂದರೆ ಮನುಷ್ಯರನ್ನೂ ಅದರಲ್ಲೇ ಕೂರಿಸುತ್ತಿದ್ದರು. ವೇಷ ಹಾಕುವ ಪಟ್ಟಿನ ಸಂಖ್ಯೆ ಸಾವಿರದ ಮೂವತ್ತಾರು. ಕಟ್ಟಡದ ಮಾಲೀಕ ಮೆಟ್ಟಿಲ ಮೇಲೆ ಹಲ್ಲು ಕಿರಿಯುತ್ತ ಬಂದರೆ ಮೇಡಂ ತಲೆ ಎತ್ತದೆಯೇ, "ಸೆಲೋರ್ಮ್, ಬಂತು ನೋಡು ಸಾವಿರದ ಮೂವತ್ತಾರು. ಬಾಡಿಗೆ ಏರಿಸ್ತಾನೆ ಇವತ್ತು" ಅನ್ನುತ್ತಿದ್ದರು. ಏರಿಸಿಯೂ ಬಿಡುತ್ತಿದ್ದ. ಗಂಡನನ್ನು ಬಿಟ್ಟದ್ದೂ ಹೀಗೆಯೇ ಅಂತೆ. ಅವನು ಫೋನನ್ನು ಮೇಜಿನ ಮೇಲೆ ಕವುಚಿ ಇಡಲು ಶುರುಮಾಡಿದ ಮೇಲೆ ಒಂದೊಂದೇ ಮನೆ ತುಂಬುತ್ತ ಹೋಗಿ, ಸಾಲು ಪೂರ್ತಿಯಾದ ದಿನ ಅವನ ಬಟ್ಟೆಗಳನ್ನು ಮಡಿಸಿ ಬಾಗಿಲಲ್ಲಿಟ್ಟರಂತೆ. ಇದು ಆಫೀಸಿನ ಗಾಳಿಮಾತು. ಅವರನ್ನೇ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಈ ಅನುಮಾನದ ಕಣ್ಣು ಅವರಿಗೆ ಕಾಲೇಜಿನಲ್ಲಿ ಬಂದದ್ದಲ್ಲ. ಊರು ಅಡಾ, ಬೆಳೆದದ್ದು ಅಶೈಮನ್. ತಾಯಿ ಬೀದಿ ಬದಿಯಲ್ಲಿ ಕೆಂಕೆ ಮಾರುತ್ತಿದ್ದರು. ಮೆಕ್ಕೆಜೋಳದ ಆ ಹುಳಿ ಮುದ್ದೆ ಬಿಸಿ ಇದೆಯೋ ಇಲ್ಲವೋ ಎಂದು ಒತ್ತಿ ನೋಡುವ ನೆಪದಲ್ಲಿ ಪಕ್ಕದ ಕರಿದ ಮೀನನ್ನು ತೋಳಿನೊಳಗೆ ಜಾರಿಸುವ ಗಿರಾಕಿಗಳನ್ನು ಹಿಡಿಯುವುದು ಪುಟ್ಟ ಕೊರ್ಕೊರಳ ಪಾಲಿನ ಕೆಲಸ. ದೊಡ್ಡವರಾದ ಮೇಲೆ ಅಲ್ಲೇ ಒಂದು ಇಂಟರ್ನೆಟ್ ಕೆಫೆ ನೋಡಿಕೊಂಡರು. ಅಲ್ಲಿ ಗಂಡಾಳುಗಳೆಲ್ಲ ಹೆಣ್ಣುಗಳಾಗಿ ಪರದೇಶದ ಒಂಟಿ ಮುದುಕರಿಗೆ ಪ್ರೇಮಪತ್ರ ಬರೆಯುತ್ತಿದ್ದರು. ಅವರ ಇಂಗ್ಲಿಷನ್ನು ಮೇಡಂ ತಿದ್ದಿಕೊಟ್ಟದ್ದೂ ಉಂಟು ಎಂದು ನನಗೆ ಗುಮಾನಿ. ಅಂತೂ ಮುಂದೆ ಪಾಲಿಟೆಕ್ನಿಕ್ ಓದಿ, ಆ ಕೋಷ್ಟಕವನ್ನು ಮೊದಲ ಸಲ ನೋಡಿದಾಗ ಅವರು ನಕ್ಕರಂತೆ. "ನಮ್ಮ ಕೆಫೆ ಹುಡುಗರ ಜಾತಕ ಯಾರೋ ಬರೆದಿಟ್ಟಿದಾರೆ ಅನ್ನಿಸ್ತು" ಎಂದು ನನ್ನ ಹತ್ತಿರ ಹೇಳಿದ್ದರು.

ಹರ್ಮಾಟಾನ್ ಗಾಳಿ ಮೂಗಿನ ತುಂಬ ಧೂಳು ತುಂಬುತ್ತಿದ್ದ ಕಾಲದಲ್ಲಿ ತೆಮಾದಿಂದ ಕರೆ ಬಂತು. ಬಾಸ್ ಅಮಾರ್ಟೆ ಎಂಬವರು ಅಲ್ಲಿ ಬಂದರಿನಿಂದ ಸರಕು ಬಿಡಿಸಿಕೊಡುವ ಕಂಪನಿ ಇಟ್ಟಿದ್ದರು. ಪ್ರತಿ ಕಂಟೇನರಿಗೂ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಅದನ್ನು ಗೇಟಿನಲ್ಲಿ ಹೇಳಿದವರಿಗೆ ಸರಕು. ಯಾರೋ ಬಂದು ಸರಿಯಾದ ಸಂಖ್ಯೆಯನ್ನೇ ಹೇಳಿ ಟೈರು ತುಂಬಿದ ಕಂಟೇನರುಗಳನ್ನು ಹಾಡಹಗಲೇ ಲಾರಿಗೆ ಏರಿಸಿಕೊಂಡು ಹೋಗಿದ್ದರು.

"ಒಳಗಿನೋರದೇ ಕೆಲಸ ಮೇಡಂ, ಬರೆದಿಟ್ಕೊಳ್ಳಿ" ಎಂದೇ ಬಾಸ್ ಅಮಾರ್ಟೆ ನಮ್ಮನ್ನು ಎದುರುಗೊಂಡರು. ಭಾರೀ ಆಳು, ಭಾರೀ ಉಂಗುರ, ಮಾತಿಗೊಮ್ಮೆ ಮೇಜು ಕುಟ್ಟುವ ಅಭ್ಯಾಸ.

"ನಾನು ಬರೆಯೋದು ಏನಾಯ್ತು ಅಂತ. ಯಾರು ಅಂತ ಬರೆಯಲ್ಲ" ಎಂದರು ಮೇಡಂ.

"ಅದೆಂಥ ವಿದ್ಯೆ ನಿಮ್ಮದು? ಡಾಕ್ಟರು ಹೊಟ್ಟೆನೋವು ಅಂತಷ್ಟೇ ಹೇಳಿ, ಹೊಟ್ಟೆ ಯಾರದು ಅಂತ ಹೇಳಲ್ಲ ಅಂದಂಗಾಯ್ತು."

ಅಲ್ಲಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಕ್ವಾಬೆನಾ ಒಬಿರಿ. ಮೂವತ್ತರ ಆಸುಪಾಸು, ಸಣಕಲು ಮೈ, ಇಸ್ತ್ರಿ ಮಾಡಿದ ಅಂಗಿ. ನಮಗೆ ನೀರಿನ ಪೊಟ್ಟಣ ತಂದುಕೊಟ್ಟ, ಎರಡೂ ಕೈ ಹಿಂದೆ ಕಟ್ಟಿ ನಿಂತ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಕೇಳದ್ದಕ್ಕೂ ಕೊಟ್ಟ. ಏಸಿ ಹಾಕಿದ ಕೋಣೆಯಲ್ಲಿ ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಮೇಡಂ ನನ್ನ ಕಡೆ ನೋಡಿದರು, ನಾನು ಮೇಡಂ ಕಡೆ ನೋಡಿದೆ. ಕಳ್ಳ ಇವನೇ ಎಂದು ಇಬ್ಬರಿಗೂ ಅನ್ನಿಸಿಬಿಟ್ಟಿತು. ಕೆಲಸ ಹೋಗುತ್ತದೆ ಎಂಬ ಹೆದರಿಕೆಗೂ ಮನುಷ್ಯ ಬೆವರುತ್ತಾನೆ ಎಂಬುದು ಆಗ ನಮ್ಮ ತಲೆಗೆ ಹೋಗಲಿಲ್ಲ.

ಎಲ್ಲ ಯಂತ್ರಗಳನ್ನೂ ನೋಡಬೇಕು ಎಂದು ಮೇಡಂ ಕೇಳಿದರು. ಬಾಸ್ ಅಮಾರ್ಟೆ ತಮ್ಮ ಲ್ಯಾಪ್‌ಟಾಪನ್ನು ಮಾತ್ರ ತೋಳಿನಡಿ ಇರುಕಿಕೊಂಡರು. "ಇದರಲ್ಲಿ ನನ್ನ ಮನೆ ವಿಷಯ ಇದೆ. ಇದು ಬೇಡ." ಮೇಡಂ ಹುಬ್ಬು ಗಂಟಿಕ್ಕಿದರು, ಆದರೆ ಬಿಟ್ಟರು. ಅಷ್ಟರಲ್ಲಿ ಸರ್ವರಿನಲ್ಲಿ ಬೇಕಾದದ್ದು ಸಿಕ್ಕಿತ್ತು.

ಸಿಕ್ಕಿದ್ದು ಇಷ್ಟು. ಸರ್ವರಿನೊಳಗೆ ಒಂದು ಕೆಲಸವನ್ನು ಯಾರೋ ಹೊತ್ತು ಗೊತ್ತುಮಾಡಿ ಇಟ್ಟಿದ್ದರು. ಅದು ವಾರಕ್ಕೊಮ್ಮೆ ತಾನಾಗಿ ಏಳುತ್ತಿತ್ತು, ಆ ವಾರದ ಕಂಟೇನರುಗಳ ಗುಟ್ಟಿನ ಸಂಖ್ಯೆಗಳನ್ನೆಲ್ಲ ಗಂಟು ಕಟ್ಟಿ ಹೊರಗೆಲ್ಲಿಗೋ ಕಳಿಸುತ್ತಿತ್ತು, ಮತ್ತೆ ಮಲಗುತ್ತಿತ್ತು. ಇದು ನಮಗೆ ಹೊಸದಲ್ಲ, ಕೋಷ್ಟಕದಲ್ಲಿ ಇದಕ್ಕೂ ಮನೆ ಇದೆ. ಅದು ಓಡುತ್ತಿದ್ದದ್ದು ಕ್ವಾಬೆನಾನ ಪಾಸ್‌ವರ್ಡಿನ ಮೇಲೆ. ಅಂಥ ಪ್ರತಿಯೊಂದು ಕೆಲಸಕ್ಕೂ ಒಂದು ಹೆಸರಿಡಬೇಕಾಗುತ್ತದೆ. ಇದಕ್ಕೆ ಇಟ್ಟ ಹೆಸರು ಕ್ವಾಬೆನಾ.

"ಅಯ್ಯೋ ಚಾಲೆ, ಮಾರಾಯ, ಕಳ್ಳ ರುಜು ಹಾಕಿ ಹೋಗಿದಾನೆ" ಎಂದು ಮೇಡಂ ನಕ್ಕರು.

"ಮೇಡಂ, ಅಷ್ಟು ಪೆದ್ದನಾ ಇವನು?"

"ಸಿಕ್ಕಿಬೀಳಲ್ಲ ಅಂತ ಗೊತ್ತಿರೋರೇ ಹೆಸರು ಬರೆಯೋದು. ಕೆಫೆಯಲ್ಲಿ ಎಷ್ಟು ಜನನ್ನ ನೋಡಿಲ್ಲ ನಾನು. ಕದ್ದ ಶರ್ಟ್ ಮೇಲೂ ತಮ್ಮ ಹೆಸರು ಹೊಲಿಸ್ಕೊಳ್ಳೋ ಜಂಭ."

ವರದಿಯಲ್ಲಿ ನಾವು ಯಾರ ಮೇಲೂ ಬೆರಳು ಮಾಡಲಿಲ್ಲ. ಹೊತ್ತು ಗೊತ್ತುಮಾಡಿದ ಕೆಲಸ, ಅದರ ಹೆಸರು ಇದು; ಒಳಗಿನ ಅಸಲಿ ಖಾತೆಯ ಬಳಕೆ, ಆ ಖಾತೆ ಇದು. ಇಷ್ಟೇ. ನಮ್ಮ ಕಸುಬಿನಲ್ಲಿ 'ಅಸಲಿ ಖಾತೆ' ಎಂದರೆ ಪಾಸ್‌ವರ್ಡ್ ನಿಜವಾದದ್ದು ಎಂದು ಅರ್ಥ, ಹಾಕಿದವನು ನಿಜವಾದವನು ಎಂದಲ್ಲ. ಬಾಸ್ ಅಮಾರ್ಟೆ ಅದನ್ನು ತಮಗೆ ಬೇಕಾದ ಹಾಗೆ ಓದಿಕೊಂಡು ಫೋನ್ ಮಾಡಿದರು. ನಾನೂ ಕೇಳಲೆಂದು ಮೇಡಂ ಸ್ಪೀಕರ್ ಹಾಕಿದರು.

"ಅಸಲಿ ಅಂತ ನೀವೇ ಬರೆದಿದೀರಿ. ಇನ್ನು ಯಾರು ಅಂತ ಬಾಯಲ್ಲಿ ಹೇಳಿಬಿಡಿ."

"ಅದು ನಮ್ಮ ಕೆಲಸ ಅಲ್ಲ ಬಾಸ್."

"ನಾನು ಯಾರಿಗೂ ಹೇಳಲ್ಲ. ಬಾಯಿಮಾತಿಗೆ."

ಮೇಡಂ ಕಿಟಕಿಯ ಕಡೆ ನೋಡಿದರು. ಇಲ್ಲ ಎಂದು ಫೋನ್ ಇಟ್ಟಿದ್ದರೆ ಮುಗಿದಿತ್ತು. ಆದರೆ ಅವರಿಗೆ ಅನುಮಾನ ಬಂದದ್ದು ನಿಜ, ತಮ್ಮ ಅನುಮಾನ ತಪ್ಪುವುದಿಲ್ಲ ಎಂಬ ಹೆಮ್ಮೆಯೂ ನಿಜ.

"ಹೆಸರು ನೀವೇ ಓದಿದೀರಲ್ಲ ಬಾಸ್" ಎಂದರು.

ಅಷ್ಟು ಸಾಕಾಯಿತು. ಲಾರಿ ಡ್ರೈವರುಗಳೆಲ್ಲ ನೋಡುತ್ತಿರುವಾಗ ಪೊಲೀಸರು ಕ್ವಾಬೆನಾನನ್ನು ಸೊಂಟದ ಪಟ್ಟಿ ಹಿಡಿದು ಎಳೆದುಕೊಂಡು ಹೋದರಂತೆ. ಇಸ್ತ್ರಿ ಅಂಗಿಯ ಗುಂಡಿಗಳು ಅಂಗಳದಲ್ಲೇ ಬಿದ್ದವಂತೆ. ಇದನ್ನೆಲ್ಲ ಬಾಸ್ ಅಮಾರ್ಟೆ ಖುಷಿಯಿಂದ ಹೇಳಿದರು. ಮೇಡಂ ಆ ದಿನ ವಾಚೆ ತರಿಸಿದ್ದರು, ಅನ್ನವೂ ಅಲಸಂದೆಯೂ ಎಲೆಯಲ್ಲಿ ಹಾಗೇ ಆರಿತು. ಆದರೂ ತಪ್ಪಾಯಿತು ಎಂದು ಅವರು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನನಗೆ ಅನ್ನಿಸಿಯೂ ಇರಲಿಲ್ಲ.

ಕ್ವಾಬೆನಾ ಲಾಕಪ್ಪಿನಲ್ಲೇ ಇದ್ದ. ಅವನ ಜಾಮೀನಿನ ಮಾತು ಒಂದೆರಡು ಸಲ ಬಂದು ಹೋಗಿತ್ತು, ಜಾಮೀನು ಸಿಕ್ಕಿರಲಿಲ್ಲ. ಆ ಹೊತ್ತಿಗೆ ತಕೊರಾಡಿಯ ಒಂದು ಮೀನಿನ ಶೀತಗೃಹದಿಂದ ಕರೆ ಬಂತು. ಅದೇ ಮಾಲ್‌ವೇರ್, ಅದೇ ಕೈ, ಪಟ್ಟುಗಳ ಸಾಲೂ ಒಂದೇ. ಸರ್ವರಿನಲ್ಲಿ ಇಲ್ಲೂ ವಾರಕ್ಕೊಮ್ಮೆ ಏಳುವ ಒಂದು ಕೆಲಸ. ಹೆಸರು ಮಾತ್ರ ಬೇರೆ: ಅಫುವಾ.

ಶೀತಗೃಹದ ಮಾಲೀಕ ಫೋನಿನಲ್ಲಿ ಅಳುವುದೊಂದು ಬಾಕಿ. "ಮೇಡಂ, ಯಾರು ಈ ಅಫುವಾ? ನನ್ನ ಹತ್ರ ಅಫುವಾ ಅನ್ನೋ ಹೆಣ್ಣೇ ಕೆಲಸಕ್ಕಿಲ್ಲ. ನನ್ನ ಹೆಂಡತಿ ಬೆಳಗ್ಗೆಯಿಂದ ಒಂದೇ ಸಮ ಕೇಳ್ತಿದಾಳೆ, ಯಾರ್ರೀ ಅಫುವಾ, ಎಲ್ಲಿಟ್ಟಿದೀರ ಅಫುವಾನ ಅಂತ. ಮೀನು ಹೋದ್ರೆ ಹೋಗ್ಲಿ, ಸಂಸಾರ ಉಳಿಸಿಕೊಡಿ!"

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಇದ್ದಕ್ಕಿದ್ದಂತೆ ಅವರ ನಗು ನಿಂತುಹೋಯಿತು.

"ಅದು ಯಾವ ವಾರ ಏಳುತ್ತೆ, ನೋಡು" ಎಂದರು ನನಗೆ.

"ಶುಕ್ರವಾರ."

"ಸೆಲೋರ್ಮ್, ನೀನು ಹುಟ್ಟಿದ್ದು ಯಾವ ವಾರ?"

"ಮಂಗಳವಾರ."

"ನಿಮ್ಮೂರಲ್ಲಿ ಮಂಗಳವಾರ ಹುಟ್ಟಿದ ಗಂಡಿಗೆ ಏನಂತಾರೆ?"

"ಕೊಬ್ಲಾ."

"ಅಶಾಂಟಿ ಜನ ಏನಂತಾರೆ?"

"ಕ್ವಾಬೆನಾ" ಎಂದೆ. ಅಕ್ಷರ ಕಲಿಯುವ ಮೊದಲು ಕಲಿತ ವಿಷಯ ಅದು. ಶುಕ್ರವಾರ ಹುಟ್ಟಿದ ಹೆಣ್ಣು ಅಫುವಾ, ಮಂಗಳವಾರ ಹುಟ್ಟಿದ ಗಂಡು ಕ್ವಾಬೆನಾ. ಈ ದೇಶದಲ್ಲಿ ಅರ್ಧ ಜನ ವಾರದ ಹೆಸರು ಹೊತ್ತೇ ತಿರುಗುತ್ತಾರೆ.

ಮೇಡಂ ತೆಮಾದ ಕಡತವನ್ನು ತೆರೆದರು. ಕ್ವಾಬೆನಾ ಎಂಬ ಹೆಸರಿನ ಆ ಕೆಲಸ ಏಳುತ್ತಿದ್ದದ್ದು ಮಂಗಳವಾರ. ಎಂದೂ ಬೇರೆ ವಾರ ಎದ್ದದ್ದೇ ಇಲ್ಲ.

"ಇದು ವಾರದ ಹೆಸರು ಕಣೋ! ಅವನ ಹೆಸರಲ್ಲ, ವಾರದ್ದು!" ಎಂದು ಮೇಡಂ ಮೇಜಿಗೆ ಹಣೆ ಒತ್ತಿದರು. "ಈ ಹೆಸರು ಕೂರಬೇಕಾಗಿದ್ದದ್ದು ವೇಷದ ಮನೇಲಿ. ನಮ್ಮೋರು ಕಂಡ್ರೂ ಕಾಣದಂಥ ಹೆಸರು ತೊಟ್ಟು ಕೂತಿತ್ತು. ನಾನು ಅದನ್ನ ತಗೊಂಡು ಹೋಗಿ ಒಬ್ಬ ಮನುಷ್ಯನ ಹಣೆ ಮೇಲೆ ಕೂರಿಸಿದೆ."

ನಮ್ಮ ಹೆಸರುಗಳ ಗಂಧಗಾಳಿ ಇಲ್ಲದ ಹೊರದೇಶದವನೊಬ್ಬ ಇದನ್ನು ನೋಡಿದ್ದರೆ ಕ್ವಾಬೆನಾ ಎಂದರೆ ಏನಪ್ಪಾ ಎಂದು ತಲೆ ಕೆರೆದುಕೊಳ್ಳುತ್ತಿದ್ದ, ಆ ಕೆಲಸ ಯಾವಾಗ ಏಳುತ್ತದೆ ಎಂದು ಮೊದಲು ನೋಡುತ್ತಿದ್ದ. ನಾವು ಇಲ್ಲಿಯವರು. ಹೆಸರು ಕಂಡೊಡನೆ ಅದರ ಹಿಂದೆ ಆಳು ಕಂಡ, ಆಳಿನ ಬೆವರು ಕಂಡಿತು, ಮಿಕ್ಕದ್ದನ್ನು ನೋಡುವ ಗೋಜಿಗೇ ಹೋಗಲಿಲ್ಲ. ಇಷ್ಟು ಓದಿ, ಇಷ್ಟು ಬರೆದು, ಇಂಥ ಎಡವಟ್ಟು ಮಾಡಿದೆವಲ್ಲ ಎಂದು ನನಗೆ ನಮ್ಮಿಬ್ಬರ ಮೇಲೂ ಮೈ ಉರಿಯಿತು.

ಅಂದೇ ಟ್ರೋಟ್ರೋ ವ್ಯಾನು ಹತ್ತಿ ತೆಮಾಗೆ ಹೋದೆವು. ಅಲ್ಲಿ ನಾವು ನೋಡದೆ ಬಿಟ್ಟ ಯಂತ್ರ ಒಂದೇ ಒಂದಿತ್ತು. ಮೇಡಂ ನಮಸ್ಕಾರ ಕೂಡ ಹೇಳಲಿಲ್ಲ.

"ನಿಮ್ಮ ಲ್ಯಾಪ್‌ಟಾಪ್ ಕೊಡಿ ಬಾಸ್."

"ಅದರಲ್ಲಿ ಮನೆ ವಿಷಯ..."

"ನಿಮ್ಮ ಮನೆ ವಿಷಯ ಊರಿಗೆಲ್ಲ ಗೊತ್ತು. ನೀವು ಕೊಡಲಿಲ್ಲ ಅಂತಲೂ ವರದೀಲಿ ಬರೀತೀನಿ. ಕೊಡಿ."

ಕೊಟ್ಟರು. ಬಾಗಿಲು ತೆರೆದದ್ದು ಅಲ್ಲೇ. ಹಡಗು ಬಂದಿದೆ, ವಿವರ ನೋಡಿ ಎಂಬ ಸುಳ್ಳು ಇಮೇಲನ್ನು ಬಾಸ್ ಅಮಾರ್ಟೆ ತಮ್ಮ ಉಂಗುರದ ಕೈಯಿಂದಲೇ ಒತ್ತಿದ್ದರು. ಲ್ಯಾಪ್‌ಟಾಪ್ ಓಡುತ್ತಿದ್ದದ್ದು ಕ್ವಾಬೆನಾನ ಪಾಸ್‌ವರ್ಡಿನಲ್ಲಿ. ಎಲ್ಲ ಬಾಗಿಲೂ ತೆರೆಯುವ ಬೀಗದಕೈ ಮಾಲೀಕನಾದ ನನಗೂ ಬೇಕು ಎಂದು ಇವರೇ ಅವನಿಂದ ಕೇಳಿ ಹಾಕಿಸಿಕೊಂಡಿದ್ದರು. ಕಳ್ಳರಿಗೆ ಆ ಬೀಗದಕೈ ಇವರ ತೊಡೆಯ ಮೇಲೆಯೇ ಸಿಕ್ಕಿತ್ತು.

"ಅವನು ಕೊಡಬಾರದಾಗಿತ್ತು" ಎಂದರು ಬಾಸ್ ಅಮಾರ್ಟೆ.

"ಕೊಡದೆ ಇದ್ದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರಿ."

"ಸರಿ, ಅವನಲ್ಲ ಅಂದ್ರೆ ಮತ್ತೆ ಯಾರು?"

"ಗೊತ್ತಿಲ್ಲ. ನಮ್ಮ ಹೆಸರುಗಳು ಗೊತ್ತಿರೋ ಯಾರೋ. ಎಲ್ಲೋ ಕೂತು ನಮ್ಮನ್ನ ನೋಡಿ ನಗ್ತಿರೋ ಯಾರೋ."

ಇಂದಿಗೂ ನಮಗೆ ಗೊತ್ತಾಗಿರುವುದು ಅಷ್ಟೇ. ಮೇಡಂ ಹೊಸ ವರದಿ ಬರೆದರು. ಮೊದಲ ವರದಿ ತಪ್ಪು, ತಪ್ಪು ನನ್ನದು, ಫೋನಿನಲ್ಲಿ ನಾನಾಡಿದ ಮಾತಿಗೆ ಆಧಾರವಿರಲಿಲ್ಲ ಎಂದು ಕೆಳಗೆ ತಮ್ಮ ಹೆಸರು ಹಾಕಿದರು. ನಮ್ಮ ಕಸುಬಿನಲ್ಲಿ ಹಾಗೆ ಬರೆಯುವವರಿಲ್ಲ. ಪೊಲೀಸ್ ಠಾಣೆಗೂ ತಾವೇ ಹೋಗಿ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂತರು. ಕ್ವಾಬೆನಾನನ್ನು ಬಿಟ್ಟರು. ಬಾಸ್ ಅಮಾರ್ಟೆ ಮಾತ್ರ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. "ಡ್ರೈವರುಗಳು ಅವನನ್ನ ಕಂಡ್ರೆ ಗುಸುಗುಸು ಅಂತಾರೆ. ನಂದು ವ್ಯಾಪಾರ ಮೇಡಂ, ಚರ್ಚ್ ಅಲ್ಲ" ಎಂದರು.

ಕ್ಷಮೆ ಕೇಳಲು ಹೋಗಬೇಕು, ನನ್ನ ಬಾಯಾಗಿ ನೀನು ಬಾ ಎಂದು ಮೇಡಂ ಕರೆದರು. ನಮ್ಮಲ್ಲಿ ತಪ್ಪು ಮಾಡಿದವರು ತಾವೇ ಬಾಯಿ ಬಿಡುವಂತಿಲ್ಲ, ಪರವಾಗಿ ಇನ್ನೊಬ್ಬರು ಮಾತಾಡಿ ಮದ್ಯದ ಬಾಟಲಿ ಒಪ್ಪಿಸಬೇಕು. ಕ್ಷಮಿಸಿದರೆ ಅದನ್ನು ತೆರೆಯುತ್ತಾರೆ, ಇಲ್ಲದಿದ್ದರೆ ಹಿಂದಕ್ಕೆ ಕೊಡುತ್ತಾರೆ. ಸ್ನ್ಯಾಪ್ಸ್ ಬಾಟಲಿಯೊಂದನ್ನು ಹಿಡಿದುಕೊಂಡು ಅಶೈಮನ್ನಿನ ಓಣಿಯಲ್ಲಿ ಅವನ ಮನೆ ಹುಡುಕಿದೆವು. ಒಂದೇ ಅಂಗಳದ ಸುತ್ತ ಐದಾರು ಸಂಸಾರ, ನಡುವೆ ಒಗೆದ ಬಟ್ಟೆಗಳ ಹಗ್ಗ. ಕ್ವಾಬೆನಾನ ತಾಯಿ ಮಾಮೆ ಪೊಕುವಾ ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. ಅವರ ಪರವಾಗಿ ಮಾತಾಡಲು ಅವರ ಅಣ್ಣ, ಕ್ವಾಬೆನಾನ ಸೋದರಮಾವ, ಪಕ್ಕದಲ್ಲಿ ಕೂತರು. ಕ್ವಾಬೆನಾ ಗೋಡೆಯ ಬದಿಯ ಬೆಂಚಿನ ಮೇಲೆ ಕೈಗಳನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತಿದ್ದ. ಅಂಗಿಗೆ ಇಸ್ತ್ರಿ ಇರಲಿಲ್ಲ. ನಮ್ಮ ಕಡೆ ನೋಡಲಿಲ್ಲ.

"ನೀರು ಕುಡಿದ್ರಿ. ಬಂದ ವಿಷಯ ಹೇಳಿ" ಎಂದರು ಮಾವ.

ನಾನು ಎದ್ದು ನಿಂತೆ. "ಈ ಕೊರ್ಕೊರ್ ನಮ್ಮ ಮನೆ ಹೆಣ್ಣುಮಗಳು. ನಿಮ್ಮ ಮನೆ ಮಗನ ಹೆಸರನ್ನ ಆಡಬಾರದ ಕಡೆ ಆಡಿಬಿಟ್ಟಳು. ಗೊತ್ತಿಲ್ಲದೆ ಆಡಿದ್ದು ಅಂತ ಹೇಳಲ್ಲ, ನೋಡದೆ ಆಡಿದ್ದು. ಅವಳ ತಲೆ ನಿಮ್ಮ ಕಾಲ ಹತ್ರ ಇದೆ." ಬಾಟಲಿಯನ್ನು ಎರಡೂ ಕೈಯಲ್ಲಿ ಮುಂದಿಟ್ಟೆ.

ಮಾವ ಅದನ್ನು ತಂಗಿಯ ಕಡೆ ತಿರುಗಿ ಮತ್ತೆ ಹೇಳಿದರು, ನಾವು ಮೂರಡಿ ದೂರದಲ್ಲೇ ಇದ್ದರೂ. ಮಾಮೆ ಪೊಕುವಾ ಮೇಡಂ ಅವರನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ಅಣ್ಣನನ್ನೂ ನನ್ನನ್ನೂ ಪಕ್ಕಕ್ಕೆ ಬಿಟ್ಟು ನೇರವಾಗಿಯೇ ಕೇಳಿದರು.

"ಹೆಸರು ನೋಡಿ ಹಿಡಿಸಿದ್ಯಂತೆ, ಹೌದೇನಮ್ಮ?"

"ಹೌದು ಮಾ" ಎಂದರು ಮೇಡಂ. ಕಟ್ಟಳೆ ಮುರಿಯಿತು, ಯಾರೂ ತಡೆಯಲಿಲ್ಲ.

"ಆ ಹೆಸರು ನಾನಿಟ್ಟಿದ್ದಲ್ಲ. ಹೆತ್ತ ವಾರ ಇಟ್ಟಿದ್ದು. ಬಾ ಇಲ್ಲಿ."

ಮಾಮೆ ಪೊಕುವಾ ಮೇಡಂ ಕೈ ಹಿಡಿದು ಅಂಗಳದ ಬಾಗಿಲಿಗೆ ಕರೆದುಕೊಂಡು ಹೋದರು, ಓಣಿಗೆ ಕೇಳುವ ಹಾಗೆ ಕೂಗಿದರು. "ಕ್ವಾಬೆನಾ!"

"ಮಾ!" ಎಂದು ವೆಲ್ಡಿಂಗ್ ಅಂಗಡಿಯಿಂದ ಒಬ್ಬ ತಲೆ ಹೊರಹಾಕಿದ. ಕ್ಷೌರದ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನು, "ನನ್ನನ್ನಾ ಕರೆದಿದ್ದು?" ಅಂದ. ಎದುರು ಮನೆಯ ಹಲ್ಲಿಲ್ಲದ ಮುದುಕ ರೇಡಿಯೊ ಸಣ್ಣಗೆ ಮಾಡಿ, "ಏನ್ ಪೊಕುವಾ?" ಎಂದು ಕೇಳಿದ. ಇನ್ನೆಲ್ಲೋ ಮೇಲಿನಿಂದ, ಬಟ್ಟೆಗಳ ಹಿಂದಿನಿಂದ ಮತ್ತೊಂದು ಗಂಡುದನಿ ಓಗೊಟ್ಟಿತು.

"ಏನಿಲ್ಲ, ಏನಿಲ್ಲ, ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ಮಾಮೆ ಪೊಕುವಾ ಕೈ ಬೀಸಿದರು. ಅಂಗಳಕ್ಕೆ ತಿರುಗಿ ಬೆಂಚಿನ ಕಡೆ ನೋಡಿದರು. ನಾವೂ ನೋಡಿದೆವು. ಅವರ ಮಗ ತಲೆಯನ್ನೇ ಎತ್ತಿರಲಿಲ್ಲ.

"ನೋಡಿದ್ಯಾ? ಓಣಿಯೆಲ್ಲ ಓಗೊಡ್ತು. ಇವನೊಬ್ಬ ಕೊಡಲ್ಲ. ಪೊಲೀಸ್ರು ಬಿಟ್ಟಾಗಿಂದ ಹಿಂಗೇ. ಏ ಅಂದ್ರೆ ಬರ್ತಾನೆ, ಊಟ ಅಂದ್ರೆ ಬರ್ತಾನೆ. ಹೆಸರು ಹಿಡಿದು ಕರೆದ್ರೆ ಬೇರೆ ಯಾರನ್ನೋ ಕರೆದ ಹಂಗೆ ಕೂತಿರ್ತಾನೆ."

ಮೇಡಂ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೆಂಚಿನ ಮುಂದೆ ನೆಲದ ಮೇಲೆ ಕೂತು, "ಅಪ್ಪಾ" ಎಂದರು. ಕ್ವಾಬೆನಾ ಅವರನ್ನು ನೋಡಿದ. ಆಮೇಲೆ ಎದ್ದು, ಕುಡಿಯಲು ನೀರು ತಂದು ಅವರ ಕೈಗೆ ಕೊಟ್ಟು ಒಳಗೆ ಹೋದ.

ನಾವು ಹೊರಟಾಗ ಬಾಟಲಿಯನ್ನು ವಾಪಸ್ಸು ಕೊಡುತ್ತಾರೆ ಎಂದುಕೊಂಡಿದ್ದೆ. ಮಾಮೆ ಪೊಕುವಾ ಅದನ್ನು ಎತ್ತಿ ಕಪಾಟಿನ ಮೇಲಿಟ್ಟರು. "ಇಲ್ಲೇ ಇರ್ಲಿ. ಅವನು ತನ್ನ ಹೆಸರಿಗೆ ಓಗೊಟ್ಟ ದಿನ ತೆಗೀತೀವಿ. ಅವತ್ತು ಹೇಳಿ ಕಳಿಸ್ತೀನಿ, ಬಾ."

ಹೇಳಿ ಕಳಿಸುವವರೆಗೂ ಕಾಯುವ ತಾಳ್ಮೆ ಮೇಡಂಗೆ ಇಲ್ಲ. ಬಿಡುವಾದಾಗಲೆಲ್ಲ ಅಶೈಮನ್ನಿಗೆ ಹೋಗಿ, ಆ ಅಂಗಳದ ಕುರ್ಚಿಯಲ್ಲಿ ಕೂತು, ನೀರು ಕುಡಿದು ಬರುತ್ತಾರೆ. ಬಾಟಲಿಯ ಬಿರಡೆ ಇನ್ನೂ ತೆಗೆದಿಲ್ಲ.